ಅವ್ವನ ಗಾಡಿಯ ಕಮಾನು ಪಟ್ಟಿಗಳು

ನಮ್ಮ ಮನೆಯ ಎದುರಿಗೆ ಈಚೆಗೆ ಒಂದು ಮೋಟಾರ್ ಸೈಕಲ್ ರಿಪೇರಿ ಅಂಗಡಿ ಬಂದಿದೆ. ಚಳ್ಳಕೆರೆಯ ಬಿಸಿಲಿಗೆ ಹೆದರಿ ನಾನು ಬೆಳಗಿನ ಹೊತ್ತು ಮಾತ್ರ ಜಗುಲಿಯ ಮೇಲೆ ಕೂರುತ್ತೇನೆ. ಕೆಲವು ತಿಂಗಳ ಹಿಂದೆ ಹಾಗೆ ಕೂತಿದ್ದಾಗ ಅಂಗಡಿಯವನು ಒಂದು ಗಾಡಿಯ ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಹೊಸ ಸ್ಪ್ರಿಂಗುಗಳನ್ನು ಕೂರಿಸಿ, ಸೀಟಿನ ಮೇಲೆ ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಹಾಕಿ ಒತ್ತಿದ. ಸೀಟು ತಗ್ಗಿತು. ಕೈ ಬಿಟ್ಟ. ಸೀಟು ಆತುರವಿಲ್ಲದೆ ಮೇಲೆದ್ದು ನಿಂತಿತು. "ಇನ್ನು ರಾಂಪುರದ ತನಕ ಹೋದ್ರೂ ಹೊಟ್ಟೆಯಾಗಿನ ನೀರು ಅಲುಗಲ್ಲ ಬಿಡ್ರಿ" ಎಂದ. ಗಾಡಿಯ ಯಜಮಾನ ತಾನೂ ಒಮ್ಮೆ ಒತ್ತಿ ನೋಡಿ ನಕ್ಕ.

ನೀವು ನನ್ನ ಪಕ್ಕದಲ್ಲಿ ಕೂತಿದ್ದರೆ, ಈ ಮುದುಕ ಯಾಕೆ ಅರ್ಧ ಕುಡಿದ ಕಾಫಿ ಬಿಟ್ಟು ಒಳಗೆ ಎದ್ದುಹೋದ ಎಂದು ಕೇಳುತ್ತಿದ್ದಿರಿ. ಸೊಸೆಯೂ ಕೇಳಿದಳು. ತಲೆನೋವು ಎಂದೆ. ತಲೆನೋವಲ್ಲ. ಹಾಗೆ ತಗ್ಗಿ ಏಳುವ ಸೀಟನ್ನು ಕಂಡರೆ ನನಗೆ ನಾಚಿಕೆಯಾಗುತ್ತದೆ. ಯಾಕೆಂದು ಹೇಳಲು ನಿಮ್ಮನ್ನು ಸ್ವಲ್ಪ ಹಿಂದಕ್ಕೆ ಕರೆದುಕೊಂಡು ಹೋಗಬೇಕು. ದಾರಿ ಕಲ್ಲುದಾರಿ, ಸೈರಿಸಿಕೊಳ್ಳಿ.

ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು ಚಿತ್ರದುರ್ಗದಲ್ಲಿ ಹೈಸ್ಕೂಲು ಮುಗಿಸಿ ಬಂದವನು. ನಮ್ಮ ಕಡೆ ಆ ಕಾಲಕ್ಕೆ ಅದು ದೊಡ್ಡ ಓದು. ಎಷ್ಟು ದೊಡ್ಡದೆಂದರೆ, ಓದಿದವನಿಗೆ ಹೊಲದ ಕೆಲಸ ಹೇಳಲು ಮನೆಯವರೇ ಸಂಕೋಚಪಡುತ್ತಿದ್ದರು, ನಾನು ಆ ಸಂಕೋಚವನ್ನು ಚೆನ್ನಾಗಿ ಉಪಯೋಗಿಸಿಕೊಳ್ಳುತ್ತಿದ್ದೆ. ಕೊನೆಗೆ ಬಳ್ಳಾರಿಯ ಹತ್ತಿ ವ್ಯಾಪಾರಿಯೊಬ್ಬರ ಬಳಿ ಊರೂರು ಸುತ್ತಿ ಬೆಳೆ ನೋಡಿ ವರದಿ ಒಪ್ಪಿಸುವ ಕೆಲಸ ಸಿಕ್ಕಿತು. ಕೊಂಡ್ಲಹಳ್ಳಿ, ಮೊಳಕಾಲ್ಮೂರು, ದೇವಸಮುದ್ರ, ರಾಂಪುರ ಎಂದು ತಿರುಗಬೇಕು. ಕುದುರೆ ಕೊಡುತ್ತೇನೆಂದರು. ನನ್ನ ಕಣ್ಣು ಅವರ ಗೋದಾಮಿನ ಮೂಲೆಯಲ್ಲಿತ್ತು. ದಂಡಿನ ಬಿಳಿಯ ಅಧಿಕಾರಿಯೊಬ್ಬ ಸೀಮೆಗೆ ಹಡಗು ಹತ್ತಲು ಹೊರಡುವಾಗ ಮಾರಿಹೋಗಿದ್ದ ಮೋಟಾರ್ ಸೈಕಲ್ ಹತ್ತಿ ಮೂಟೆಗಳ ನಡುವೆ ನಿಂತಿತ್ತು. ಅದನ್ನೇ ಕೇಳಿದೆ. ಅವರಿಗೂ ಅದನ್ನು ಏನು ಮಾಡಬೇಕೆಂದು ತೋಚಿರಲಿಲ್ಲ, ಕೊಟ್ಟರು.

ನಮ್ಮ ಊರಿನವರು ಅದನ್ನು ಫಟಫಟಿ ಎಂದರು. ನಾನು ಬರುವುದು ಕೇಳಿದರೆ ಕುರಿಗಳು ಚದುರುತ್ತಿದ್ದವು, ನಾಯಿಗಳು ಒಂದುಗೂಡುತ್ತಿದ್ದವು. ರಾಂಪುರದ ಆಚೆ ಒಬ್ಬ ಕುರಿ ಕಾಯುವ ಮುದುಕ ಗಾಡಿಯ ಸುತ್ತ ಪೂರ್ತಿ ಒಂದು ಪ್ರದಕ್ಷಿಣೆ ಬಂದು, "ಗುರ್ರಂ ಲೇದು, ಎದ್ದು ಲೇದು, ಎಟ್ಲ ಪೋತುಂದಿ ಸಾಮಿ ಇದಿ?" ಎಂದು ತೆಲುಗಿನಲ್ಲಿ ಕೇಳಿದ. ಕುದುರೆಯೂ ಇಲ್ಲ, ಎತ್ತೂ ಇಲ್ಲ, ಇದು ಹೇಗೆ ಹೋಗುತ್ತದೆ ಎಂಬುದು ಅವನ ಬೆರಗು. ನಾನು ಪೆಟ್ರೋಲಿನ ವಿಷಯ ವಿವರಿಸಲು ಹೊರಟೆ. ಅವನು ಕೈಮುಗಿದು ಹೊರಟುಹೋದ.

ಹೊರಗಿನವರಿಗೆ ಕಾಣದ ಒಂದು ಸಂಗತಿ ನನ್ನ ಮೈಗೆ ಮಾತ್ರ ಗೊತ್ತಿತ್ತು. ಆ ಗಾಡಿಯ ಮುಂದಿನ ಚಕ್ರಕ್ಕೆ ಒಂದು ಸ್ಪ್ರಿಂಗ್ ಇತ್ತು. ಹಿಂದಿನದಕ್ಕೆ ಏನೂ ಇರಲಿಲ್ಲ, ಚಕ್ರವನ್ನು ನೇರವಾಗಿ ಕಬ್ಬಿಣದ ಚೌಕಟ್ಟಿಗೆ ಬಿಗಿದುಬಿಟ್ಟಿದ್ದರು. ಸೀಟಿನ ಕೆಳಗೆ ಎರಡು ಸುರುಳಿಗಳಿದ್ದವು. ಒಂದು ಆ ಅಧಿಕಾರಿಯ ಕಾಲದಲ್ಲೇ ಮುರಿದಿತ್ತು, ಇನ್ನೊಂದು ನನ್ನ ಕಾಲದಲ್ಲಿ ಮುರಿಯಿತು. ಆಮೇಲೆ ರಸ್ತೆಯ ಪ್ರತಿಯೊಂದು ಕಲ್ಲೂ ನನ್ನ ಬೆನ್ನುಹುರಿಯ ತುದಿಗೆ ಬಂದು ತನ್ನ ಹೆಸರು ಹೇಳಿ ಹೋಗುತ್ತಿತ್ತು. ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರು ಗಾದಿ ತೋರಿಸಿ ಕೂರಿ ಎಂದಾಗ ನಿಂತೇ ಮಾತಾಡುತ್ತೇನೆ ಎಂದೆ. ಓದಿದ ಹುಡುಗನಿಗೆ ಎಷ್ಟು ವಿನಯ ಎಂದು ಅವರು ಊರೆಲ್ಲ ಹೇಳಿಕೊಂಡು ಬಂದರಂತೆ.

ನಾನು ಮಾಡಿದ ಉಪಾಯಗಳನ್ನು ಹೇಳಿದರೆ ನೀವು ನಗುತ್ತೀರಿ. ಕಂಬಳಿ ಮಡಚಿ ಹಾಸಿದೆ, ಅದು ಜಾರಿ ಹಿಂದಿನ ಚಕ್ರಕ್ಕೆ ಸಿಕ್ಕಿ ಅರ್ಧ ಕಂಬಳಿಯಾಯಿತು. ಗೋಣಿಚೀಲಕ್ಕೆ ಹತ್ತಿ ತುಂಬಿ ಕಟ್ಟಿದೆ, ವಾರ ಕಳೆಯುವಷ್ಟರಲ್ಲಿ ಅದು ಒತ್ತಿಕೊಂಡು ಹಲಗೆಯಾಯಿತು. ಟೈರಿನ ಗಾಳಿ ಇಳಿಸಿದರೆ ಮೆತ್ತಗಾಗುತ್ತದೆ ಎಂದು ನನ್ನ ಓದಿದ ತಲೆಗೆ ಹೊಳೆಯಿತು. ಇಳಿಸಿದೆ, ಮೆತ್ತಗೂ ಆಯಿತು. ಕೊಂಡ್ಲಹಳ್ಳಿಯ ಹತ್ತಿರ ಒಂದು ಚೂಪುಗಲ್ಲು ಟ್ಯೂಬನ್ನು ರಿಮ್ಮಿಗೆ ಒತ್ತಿ ಸೀಳಿತು. ಬಿಸಿಲಿನಲ್ಲಿ ಗಾಡಿ ತಳ್ಳಿಕೊಂಡು ಚಿಕ್ಕವ್ವನ ಮನೆಯವರೆಗೆ ಹೋದೆ.

ಚಿಕ್ಕವ್ವ ಎಂದರೆ ನಮ್ಮವ್ವನ ಒಡಹುಟ್ಟಿದ ತಂಗಿ. ಕೊಂಡ್ಲಹಳ್ಳಿಗೆ ಕೊಟ್ಟಿದ್ದರು. ನನ್ನ ಬೆವರು, ಧೂಳು, ನಡಿಗೆ ನೋಡಿ ಬಾಗಿಲಲ್ಲೇ ಹೇಳಿದಳು: "ಏನಲೇ, ನೀನು ಗಾಡಿ ಮ್ಯಾಲೆ ಬಂದ್ಯೋ, ಗಾಡಿ ನಿನ್ನ ಮ್ಯಾಲೆ ಬಂತೋ?"

ಕೊನೆಗೆ ಚಳ್ಳಕೆರೆಯ ಪೇಟೆಯಲ್ಲಿ ಜಟಕಾ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದ ಖಾಸಿಂ ಸಾಬರ ಬಳಿ ಹೋದೆ. ಸಾಬರಿಗೆ ಬರದ ಕೆಲಸವಿರಲಿಲ್ಲ, ಹಾಗೆಂದು ಅವರೇ ಹೇಳುತ್ತಿದ್ದರು. ಗಾಡಿಯನ್ನು ಸುತ್ತ ನೋಡಿ ನಾಲಿಗೆ ಲೊಚಗುಟ್ಟಿದರು.

"ನಿಮ್ಮ ಸೀಮೆ ದೊರೆಗೆ ಅಕ್ಕಲ್ ಇಲ್ಲ ಸ್ವಾಮಿ. ಮುಂದಿನ ಚಕ್ರಕ್ಕೆ ಸ್ಪ್ರಿಂಗ್ ಕೊಟ್ಟವ್ನೆ. ಚಕ್ರಕ್ಕೇನು ನೋವಾಗ್ತೈತಾ? ನೋಯೋದು ಕುಂತೋನಿಗೆ."

"ಏನಾದ್ರೂ ಮಾಡ್ರಿ ಸಾಬ್ರೇ."

"ಜಟಕಾಕ್ಕೆ ಹಾಕೋ ಕಮಾನು ಪಟ್ಟಿ ಬೇಕು, ಬಿಲ್ಲಿನಂಗೆ ಬಗ್ಗಿಸಿದ ಉಕ್ಕಿನ ಪಟ್ಟಿ. ಸೀಟನ್ನ ಮುಂದೆ ಕೀಲಿಗೆ ಹಾಕಿ, ಹಿಂದೆ ಪಟ್ಟಿ ಮ್ಯಾಲೆ ಕೂರಿಸ್ತೀನಿ. ಜನ್ನತ್ ಹಂಗಿರ್ತೈತೆ. ಆದ್ರೆ ಪಟ್ಟಿ ನನ್ನ ಹತ್ರ ಇಲ್ಲ. ಬಳ್ಳಾರಿಯಿಂದ ತರಿಸ್ಬೇಕು, ಎರಡು ತಿಂಗಳು ಕಾಯಿರಿ."

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎರಡು ತಿಂಗಳು ಕಾಯಬಹುದಿತ್ತು. ಅಷ್ಟರಲ್ಲಿ ನನ್ನ ಬೆನ್ನೇನೂ ಮುರಿದುಬೀಳುತ್ತಿರಲಿಲ್ಲ. ಇದನ್ನು ನಾನು ಎಷ್ಟೋ ವರ್ಷಗಳಿಂದ ನನಗೇ ಹೇಳಿಕೊಳ್ಳುತ್ತಿದ್ದೇನೆ.

"ನಮ್ಮನೆ ಸವಾರಿ ಗಾಡಿಯಾಗೆ ಅವೆ" ಎಂದೆ.

ಸಾಬರು ತಲೆಯೆತ್ತಿದರು. "ಅದ್ರಾಗೆ ಯಾರು ಕೂರ್ತಾರೆ?"

"ಯಾರೂ ಇಲ್ಲ. ಸುಮ್ನೆ ನಿಂತೈತೆ."

ನಿಂತಿರಲಿಲ್ಲ. ಅದು ಅವ್ವನ ಗಾಡಿ. ನಾನಿನ್ನೂ ಶಾಲೆಯಲ್ಲಿದ್ದಾಗ ಅವ್ವ ಮೇವಿನ ಬಣವೆಯಿಂದ ಬಿದ್ದು ಟೊಂಕದ ಎಲುಬಿಗೆ ಪೆಟ್ಟಾಗಿತ್ತು. ಕೂಡಿಕೊಂಡಿತು, ಆದರೆ ಮಾಮೂಲಿ ಗಾಡಿಯಲ್ಲಿ ಕೂತರೆ ಪ್ರಾಣ ಹೋಗುವಂಥ ನೋವು. ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ ಬಳ್ಳಾರಿಗೆ ಹೋಗಿ, ಅಚ್ಚಿಗೂ ಗಾಡಿಯ ತೊಟ್ಟಿಗೂ ನಡುವೆ ಕಮಾನು ಪಟ್ಟಿಗಳಿರುವ ಎತ್ತಿನ ಗಾಡಿ ಮಾಡಿಸಿಕೊಂಡು ಬಂದಿದ್ದ. ಅಪ್ಪ ಅವ್ವನಿಗೆ ಪ್ರೀತಿಯ ಮಾತಾಡಿದ್ದು ನಾನು ಕೇಳಿಲ್ಲ, ಗಾಡಿ ಮಾಡಿಸಿದ್ದು ಮಾತ್ರ ಕಂಡಿದ್ದೇನೆ. ಆ ಗಾಡಿಯಲ್ಲಿ ಅವ್ವ ಹೋಗುತ್ತಿದ್ದುದು ಒಂದೇ ಊರಿಗೆ. ಪ್ರತಿ ತಿಂಗಳು ಅಮಾವಾಸ್ಯೆ ಕಳೆದ ಮೇಲೆ ಕೊಂಡ್ಲಹಳ್ಳಿಗೆ, ತಂಗಿಯ ಮನೆಗೆ. ಹೋಗಿ ಏನು ಮಾಡುತ್ತಿದ್ದರು ಎಂದರೆ, ಅಕ್ಕತಂಗಿಯರು ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಇಡೀ ಬಳಗವನ್ನು ಒಬ್ಬೊಬ್ಬರಾಗಿ ಬೈಯುತ್ತಿದ್ದರು. ಯಾರೂ ಉಳಿಯದಿದ್ದಾಗ ಅವ್ವ ವಾಪಸು ಹೊರಡುತ್ತಿದ್ದಳು. ಬಂದ ಮೇಲೆ ವಾರವಿಡೀ ಅವಳ ಮುಖ ಬೆಳಗುತ್ತಿತ್ತು.

ಅವ್ವ ಕೊಂಡ್ಲಹಳ್ಳಿಯಿಂದ ಬಂದ ಮಾರನೆಯ ದಿನವೇ ಗಾಡಿಯನ್ನು ಸಾಬರಲ್ಲಿಗೆ ಹೊಡೆಸಿದೆ. ಇನ್ನೊಂದು ಅಮಾವಾಸ್ಯೆಗೆ ಬೇಕಾದಷ್ಟು ಕಾಲವಿದೆ, ಸಾಬರು ಎರಡು ತಿಂಗಳು ಎಂದರೂ ನಮ್ಮ ವ್ಯಾಪಾರಿಗೆ ಹೇಳಿ ಅಷ್ಟರಲ್ಲೇ ಬಳ್ಳಾರಿಯಿಂದ ಬೇರೆ ಪಟ್ಟಿ ತರಿಸಿ ಹಾಕಿಸಿದರಾಯಿತು ಎಂಬುದು ಲೆಕ್ಕ. ಸಾಬರು ಎರಡೂ ಕಡೆಯ ಕಮಾನಿನ ಕಟ್ಟುಗಳಿಂದ ತೆಳುವಾದ ಮೇಲಿನ ಪಟ್ಟಿಗಳನ್ನು ಬಿಚ್ಚಿಕೊಂಡರು. ಉಳಿದವು ತೊಟ್ಟಿಯ ಭಾರ ತಡೆಯುವುದಿಲ್ಲವಾದ್ದರಿಂದ ಅಚ್ಚಿಗೂ ತೊಟ್ಟಿಗೂ ನಡುವೆ ಜಾಲಿಮರದ ಗಟ್ಟಿ ತುಂಡುಗಳನ್ನು ಕೊಟ್ಟು ಬಿಗಿದರು. ಮೇಲಿನಿಂದ ನೋಡಿದರೆ ಗಾಡಿ ಹಾಗೇ ಇತ್ತು. ಮರದ ತುಂಡು ಎದ್ದು ಕಾಣದಿರಲೆಂದು ಅದಕ್ಕೆ ಗಾಡಿಯ ಕೀಲೆಣ್ಣೆಯ ಮಸಿ ಬಳಿಸಿದೆ. ಅದನ್ನು ಬಳಿಸಿದವನು ನಾನೇ, ಸಾಬರಲ್ಲ.

ಗಾಡಿ ಹೊಡೆಯುವ ಬೋರಣ್ಣ ನಮ್ಮ ಮನೆಯಲ್ಲೇ ಬೆಳೆದವನು, ಅಪ್ಪನ ಕಾಲದವನು. ಬಗ್ಗಿ ಕೆಳಗೆ ನೋಡಿ ಹೇಳಿದ: "ಸಣ್ಣಪ್ಪಾರೇ, ಇದು ಅವ್ವಾರಿಗೆ ಆಗಲ್ಲ."

"ಮುಂದಿನ ಅಮಾಸೆಯೊಳಗೆ ಹಾಕಿಸ್ತೀನಿ. ಅಲ್ಲಿ ತಂಕ ಬಾಯಿ ಮುಚ್ಕಂಡಿರು."

"ನಾನು ಮುಚ್ಕಂತೀನ್ರಿ. ಗಾಡಿ ಮುಚ್ಕಂತೈತಾ?"

ಹುಲ್ಲು ದಪ್ಪಗೆ ಹಾಸು ಎಂದು ಗದರಿ ಕಳಿಸಿದೆ.

ಮೋಟಾರ್ ಸೈಕಲ್ಲಿನ ಸುಖವನ್ನು ಹೇಗೆ ಹೇಳಲಿ. ನಾಚಿಕೆಯ ಕತೆಯಲ್ಲಿ ಸುಖದ ಮಾತು ಬರಬಾರದು, ಆದರೆ ಅದನ್ನು ಬಿಟ್ಟರೆ ನಾನು ಯಾಕೆ ಹಾಗೆ ಮಾಡಿದೆ ಎಂಬುದು ನಿಮಗೆ ತಿಳಿಯುವುದಿಲ್ಲ. ಹಿಂದೆ ಹಲ್ಲು ಕಚ್ಚಿ ದಾಟುತ್ತಿದ್ದ ಹಳ್ಳದ ಕಲ್ಲುಗಳ ಮೇಲೆ ಈಗ ಸೀಟು ನನ್ನನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಮಗುವನ್ನು ಆಡಿಸಿದಂತೆ ಆಡಿಸುತ್ತಿತ್ತು. ಮೊದಲ ಸಲ ದಾರಿಯ ಎರಡೂ ಬದಿಯ ಹೊಲಗಳು ಕಣ್ಣಿಗೆ ಬಿದ್ದವು, ಅದಕ್ಕೆ ಮುಂಚೆ ಮುಂದಿನ ಕಲ್ಲನ್ನು ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ. ದೇವಸಮುದ್ರದಲ್ಲಿ ಜನ ಸೀಟನ್ನು ಒತ್ತಿ ಒತ್ತಿ ನೋಡಿದರು. ಇದನ್ನು ನಾನೇ ಯೋಚಿಸಿ ಮಾಡಿಸಿದ್ದು ಎಂದು ಹೇಳಿಕೊಂಡೆ. ಹೊಸ ಪಟ್ಟಿ ತರಿಸಲು ಬಳ್ಳಾರಿಗೆ ಹೇಳಿಕಳಿಸುವುದು ಇವತ್ತು ನಾಳೆ ಎನ್ನುತ್ತ ಮರೆತೇಹೋಯಿತು. ಮರೆತುಹೋಯಿತು ಎಂದೆನೇ? ಮರೆಯಲು ಅನುಕೂಲವಾಗಿತ್ತು.

ಅಮಾವಾಸ್ಯೆ ಕಳೆಯಿತು. ಅವ್ವ ಹೊರಟಳು. ನಾನು ಆ ದಿನ ಮೊಳಕಾಲ್ಮೂರಿನಲ್ಲಿ ಕೆಲಸವಿದೆ ಎಂದು ಬೆಳಿಗ್ಗೆ ಬೇಗ ಮನೆ ಬಿಟ್ಟೆ. ಅವಳು ಮೂರನೆಯ ದಿನ ವಾಪಸು ಬಂದಾಗ ಬೋರಣ್ಣ ಮತ್ತು ನೆರೆಮನೆಯ ಹೆಂಗಸು ಎರಡು ಕಡೆ ಹಿಡಿದು ಇಳಿಸಿದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಳಗೆ ಹೋಗಿ ಗೋಡೆ ಹಿಡಿದು ಮಲಗಿದವಳು ಎರಡು ದಿನ ಏಳಲಿಲ್ಲ. ಎದ್ದ ದಿನ ನಾನು ಮುದ್ದೆ ಉಣ್ಣುತ್ತಿದ್ದೆ. ಅವ್ವ ಸಾರು ಬಡಿಸಿ, ಕಂಬಕ್ಕೆ ಒರಗಿ ನಿಂತು ಹೇಳಿದಳು:

"ಗಾಡಿ ಅದೇ ಐತೆ ಮಗ. ದಾರಿನೂ ಅದೇ ಐತೆ. ನನ್ನ ಮೈಯೇ ಕೆಟ್ಟುಹೋತು ಕಾಣ್ತೈತೆ."

ಆಗ ಹೇಳಬಹುದಿತ್ತು. ಬಾಯಲ್ಲಿ ತುತ್ತಿತ್ತು, ಅದನ್ನು ನುಂಗುವಷ್ಟು ಹೊತ್ತು ನನಗೆ ಸಿಕ್ಕಿತ್ತು. ನುಂಗಿದೆ. ನುಂಗಿ ಏನು ಹೇಳಿದೆ ಗೊತ್ತೇ? "ವಯಸ್ಸಾತಲ್ಲವ್ವ" ಎಂದೆ.

ಅವ್ವ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ಹೂಂ. ಆತು" ಎಂದಳು. ಅವಳಿಗೆ ಐವತ್ತೂ ಆಗಿರಲಿಲ್ಲ. ಆ ದಿನದಿಂದ ಅವಳ ನಡಿಗೆ ಬದಲಾಯಿತು. ಮುದುಕಿ ಎಂದು ಮಗನೇ ಹೇಳಿದ ಮೇಲೆ ಅವಳು ಮುದುಕಿಯಾಗಲು ಶುರುಮಾಡಿದಳು.

ಮುಂದಿನ ಅಮಾವಾಸ್ಯೆಗೆ ಅವ್ವ ಹೊರಡಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಬೋರಣ್ಣ ಎತ್ತಿಗೆ ನೀರು ಕುಡಿಸುತ್ತ, ನನಗೆ ಕೇಳಿಸುವಂತೆ ಎತ್ತಿಗೆ ಹೇಳುತ್ತಿದ್ದ: "ನಿನಗೂ ವಯಸ್ಸಾತೇನಲೇ? ಆಗಿದ್ರೆ ಹೇಳು, ನಿನ್ನ ಕಾಲೂ ಬಿಚ್ಚಿ ಎಲ್ಲಾದ್ರೂ ಹಾಕಿಸ್ತಾರೆ."

ಬೇಸಿಗೆ ಹಿಡಿಯುವ ಹೊತ್ತಿಗೆ ಚಿಕ್ಕವ್ವ ಹಾಸಿಗೆ ಹಿಡಿದಿದ್ದಾಳೆಂದು ಸಂತೆಗೆ ಬಂದವರ ಬಾಯಲ್ಲಿ ಸುದ್ದಿ ಬಂತು. ಅವ್ವ ಗಾಡಿಯ ಹತ್ತಿರ ಹೋಗಿ, ಗಾಲಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು, ಒಳಗೆ ಬಂದಳು. "ನೀನು ಹೋಗಿ ನೋಡ್ಕಂಡು ಬಾ. ನಾನು ಹೋದ್ರೆ ಅಲ್ಲಿ ಇಬ್ರು ಮಲಗಿದಂಗಾಗ್ತೈತೆ" ಎಂದಳು. ಒಂದು ಮಡಕೆಯಲ್ಲಿ ತುಪ್ಪ ಕಟ್ಟಿಕೊಟ್ಟಳು. ನನ್ನ ಗಾಡಿಯಲ್ಲಿ ಅದು ತುಳುಕದೆ ಕೊಂಡ್ಲಹಳ್ಳಿ ಸೇರಿತು.

ಚಿಕ್ಕವ್ವ ಕೃಶವಾಗಿದ್ದಳು, ಆದರೆ ನಾಲಿಗೆ ಹಾಗೇ ಇತ್ತು. ಅವಳ ಮಗಳು ಪಾಲಮ್ಮ, ನನಗಿಂತ ನಾಲ್ಕಾರು ವರ್ಷ ಚಿಕ್ಕವಳು, ತಾಯಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮಂಚವನ್ನು ಬಾಗಿಲಿಗೆ ಎದುರಾಗಿ ಹಾಕಿಸಿಕೊಂಡಿದ್ದಳು ಚಿಕ್ಕವ್ವ, ಅಲ್ಲಿಂದ ರಸ್ತೆ ಕಾಣುತ್ತಿತ್ತು.

"ಅಕ್ಕ ಯಾಕೆ ಬರ್ಲಿಲ್ಲ?"

"ಟೊಂಕ ಜಾಸ್ತಿಯಾಗೈತೆ ಚಿಕ್ಕವ್ವ. ಗಾಡಿಯಾಗೆ ಕೂರಾಕಾಗಲ್ಲ."

"ನಿನ್ನ ಫಟಫಟಿ ಈಗ ಹಾಸಿಗೆ ಹಂಗೈತಂತೆ. ಊರಾಗೆಲ್ಲ ಹೇಳ್ತಾರೆ. ಅದ್ರ ಮ್ಯಾಲೆ ಕೂರಿಸ್ಕಂಡು ಬಾರಲೇ ಅಕ್ಕನ್ನ."

ಪಾಲಮ್ಮ ನಕ್ಕಳು. ಸೆರಗು ಹೊದ್ದ ಹೆಂಗಸು ಫಟಫಟಿಯ ಹಿಂದೆ ಕೂತು ಊರೂರು ದಾಟಿ ಬರುವುದನ್ನು ಆ ಕಾಲಕ್ಕೆ ಯಾರಾದರೂ ಊಹಿಸಿಕೊಳ್ಳಲಿ. ನಾನೂ ನಕ್ಕೆ. ಚಿಕ್ಕವ್ವ ನಗಲಿಲ್ಲ. "ನಾನು ತಮಾಷೆ ಮಾಡ್ಲಿಲ್ಲ" ಎಂದು ಬಾಗಿಲ ಕಡೆ ತಿರುಗಿಕೊಂಡಳು.

ಅಲ್ಲಿಂದ ನೇರವಾಗಿ ಸಾಬರ ಅಂಗಡಿಗೆ ಹೋಗಬೇಕಿತ್ತು. ರಾಂಪುರದಲ್ಲಿ ವ್ಯಾಪಾರಿಯ ಕೆಲಸ ಇತ್ತು, ಅಲ್ಲಿಗೆ ಹೋದೆ. ಅದು ಮುಗಿಸಿ ಬಳ್ಳಾರಿಗೆ ಹೋದೆ. ಇದೊಂದು ಸುತ್ತು ಮುಗಿಯಲಿ, ಪಟ್ಟಿಗಳನ್ನು ವಾಪಸು ಹಾಕಿಸುತ್ತೇನೆ ಎಂದುಕೊಳ್ಳುತ್ತಿದ್ದೆ. ಆ ಮೆತ್ತನೆಯ ಸೀಟಿನ ಮೇಲೆ ಕೂತೇ ಹಾಗೆ ಅಂದುಕೊಳ್ಳುತ್ತಿದ್ದೆ.

ಚಿಕ್ಕವ್ವ ತೀರಿಕೊಂಡ ಸುದ್ದಿ ತಂದವನು ಹೊತ್ತು ಹುಟ್ಟುವ ಮುಂಚೆಯೇ ಬಾಗಿಲು ತಟ್ಟಿದ. ಅಕ್ಕ ಬರುವವರೆಗೂ ಎತ್ತುವುದಿಲ್ಲ ಎಂದು ಹೇಳಿಕಳಿಸಿದ್ದರು. ಅವ್ವ ಅಳಲಿಲ್ಲ. "ಗಾಡಿ ಹೂಡ್ರಿ. ಟೊಂಕ ಮುರಿದ್ರೆ ಮುರೀಲಿ" ಎಂದಳು.

ಎತ್ತಿಗೆ ಲಾಳ ಕಟ್ಟಿಸಬೇಕು, ಈಗ ಬಂದೆ ಎಂದು ಸುಳ್ಳು ಹೇಳಿ, ನಾನು ಫಟಫಟಿಯನ್ನೂ ಬೋರಣ್ಣ ಗಾಡಿಯನ್ನೂ ಸಾಬರಲ್ಲಿಗೆ ಹೊಡೆದೆವು. ಸಾಬರು ಇನ್ನೂ ಮುಖ ತೊಳೆಯುತ್ತಿದ್ದರು. ವಿಷಯ ಕೇಳಿ, "ಯಾರೂ ಕೂರಲ್ಲ ಅಂದಿದ್ರಲ್ಲ ಸ್ವಾಮಿ" ಎಂದಷ್ಟೇ ಹೇಳಿ ಕೆಲಸಕ್ಕೆ ಕೂತರು. ಅವರು ಫಟಫಟಿಯ ಪಟ್ಟಿ ಬಿಚ್ಚಿ ಗಾಡಿಗೆ ಕೂರಿಸಿ ಮುಗಿಸುವ ತನಕ ಅವ್ವ ಮನೆ ಬಾಗಿಲಲ್ಲಿ ನಿಂತೇ ಇದ್ದಳಂತೆ.

ಅವ್ವನನ್ನು ಹತ್ತಿಸಿ ನಾನೂ ಗಾಡಿಯಲ್ಲಿ ಕೂತೆ. ಊರ ಹೊರಗಿನ ಕಲ್ಲುದಾರಿ ಬಂತು. ಅವ್ವ ಎರಡೂ ಕೈಯಲ್ಲಿ ಗಾಡಿಯ ಪಕ್ಕದ ಗೂಟ ಹಿಡಿದು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ನೋವಿಗೆ ಸಿದ್ಧಳಾಗಿ ಕೂತಳು. ಮೊದಲ ಕಲ್ಲು ಬಂತು, ಗಾಡಿ ತಗ್ಗಿ ಎದ್ದಿತು. ಎರಡನೆಯದು ಬಂತು. ಅವಳ ಮೈ ಬಿಗಿದೇ ಇತ್ತು. ಸ್ವಲ್ಪ ದೂರ ಹೋದ ಮೇಲೆ ಒಂದು ಕಣ್ಣು ತೆರೆದು ನನ್ನ ಕಡೆ ನೋಡಿದಳು. ಆಮೇಲೆ ಗೂಟ ಹಿಡಿದ ಕೈ ಸಡಿಲವಾಯಿತು.

"ನೋವೇ ಇಲ್ಲ ಕಣೋ" ಎಂದಳು ಮೆಲ್ಲಗೆ.

ನಾನು ಹೊರಗೆ ನೋಡುತ್ತಿದ್ದೆ.

"ಅವಳೇ ಎತ್ತಿ ಹಿಡ್ದವ್ಳೆ. ಸಣ್ಣಾಕಿದ್ದಾಗ ನಡೆಯಂಗಿರ್ಲಿಲ್ಲ ಅವಳು. ಹೊಲಕ್ಕೆ ಹೋದ್ರೂ ಬಾವಿಗೆ ಹೋದ್ರೂ ಕಂಕುಳಾಗೆ ಎತ್ಕಂಡು ತಿರುಗ್ತಿದ್ದೆ. ಈಗ ನನ್ನ ಎತ್ಕಂಡು ಹೊಂ‍ಟವ್ಳೆ ನೋಡು." ಆಗ ಅವ್ವ ಅತ್ತಳು. ದಾರಿಯುದ್ದಕ್ಕೂ ಅಳುತ್ತ, ನಡುನಡುವೆ ನಗುತ್ತ, ತಂಗಿಯ ಜೊತೆ ಮಾತಾಡುತ್ತ ಬಂದಳು. ಬೋರಣ್ಣ ಒಮ್ಮೆ ತಿರುಗಿ ನನ್ನ ಮುಖ ನೋಡಿದ. ನಾನು ಏನಾದರೂ ಹೇಳುತ್ತೇನೋ ಎಂದು ಕಾದ. ಆಮೇಲೆ ಎತ್ತಿನ ಕಡೆ ತಿರುಗಿಕೊಂಡ.

ಕೊಂಡ್ಲಹಳ್ಳಿಯಲ್ಲಿ ಇಳಿದವಳೇ ಅವ್ವ ಹೆಣದ ತಲೆಯ ಹತ್ತಿರ ಕೂತು, ನೆರೆದವರಿಗೆಲ್ಲ ಅದನ್ನು ಹೇಳಿದಳು. ತಂಗಿ ತನ್ನನ್ನು ಹೇಗೆ ನೋವಿಲ್ಲದಂತೆ ಹೊತ್ತು ತಂದಳು ಎಂದು. ಮೂರು ತಿಂಗಳಿಂದ ಗಾಡಿಯಲ್ಲಿ ಕೂರಲಾಗದವಳು ಅಷ್ಟು ದೂರ ಬಂದು ನೆಟ್ಟಗೆ ಕೂತಿದ್ದನ್ನು ಜನ ಕಣ್ಣಾರೆ ಕಂಡರು. ಮುದುಕರು ಕೈಮುಗಿದರು. ಪಾಲಮ್ಮ ದೊಡ್ಡವ್ವನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು. ನಾನು ಹೊರಗೆ ಸೌದೆಯ ಕೆಲಸ ನೋಡಿಕೊಂಡೆ. ದುಃಖದಿಂದ ಮಾತು ಬಾರದೆ ಹೋಗಿದೆ ಎಂದು ನನ್ನನ್ನೂ ಒಂದಿಬ್ಬರು ಸಮಾಧಾನ ಮಾಡಿದರು.

ಅದೇ ಗಾಡಿಯಲ್ಲಿ ಮನೆಗೆ ಮರಳಿದ ಮೇಲೆ, ಯಾರು ಎಷ್ಟು ಹೇಳಿದರೂ ಅವ್ವ ಮತ್ತೆ ಅದನ್ನು ಹತ್ತಲಿಲ್ಲ. ಅದು ಆ ಒಂದು ಸಲಕ್ಕೆ ಸಿಕ್ಕಿದ್ದು, ಮತ್ತೆ ಮತ್ತೆ ಕೇಳಬಾರದು ಎನ್ನುತ್ತಿದ್ದಳು. ಹತ್ತಿದ್ದರೆ ಗಾಡಿಯೇ ಸತ್ಯ ಹೇಳುತ್ತಿತ್ತು. ಅವ್ವ ಹತ್ತದೆ ಇದ್ದಾಗ ನನಗೆ ಒಳಗೊಳಗೇ ನೆಮ್ಮದಿಯಾಗುತ್ತಿತ್ತು, ಇದನ್ನೂ ಹೇಳಿಬಿಡುತ್ತೇನೆ. ಇನ್ನು ಫಟಫಟಿ: ಪ್ರಾಯಶ್ಚಿತ್ತವೆಂದು ನಾನು ಬರೀ ಕಬ್ಬಿಣದ ಮೇಲೆ ಕೂತು ಓಡಾಡಿದೆ ಎಂದು ನೀವು ನಿರೀಕ್ಷಿಸಬಹುದು. ಇಲ್ಲ. ಬಳ್ಳಾರಿಗೆ ಹೇಳಿಕಳಿಸಿ ಪಟ್ಟಿ ತರಿಸಿದೆ. ಎರಡು ತಿಂಗಳೂ ಹಿಡಿಯಲಿಲ್ಲ.

ಅವ್ವ ಆ ಕತೆಯನ್ನು ಸಾಯುವವರೆಗೂ ಹೇಳಿದಳು. ಅವಳು ಹೋದ ಮೇಲೆ ಪಾಲಮ್ಮ ಹೇಳಿದಳು. ಅವಳು ತವರಿನಲ್ಲೇ ಉಳಿದು, ಗಂಡನನ್ನು ಮನೆಯಳಿಯನಾಗಿ ಇಟ್ಟುಕೊಂಡು ಸಂಸಾರ ಮಾಡಿದವಳು. ಪ್ರತಿವರ್ಷ ಮಹಾಲಯ ಅಮಾವಾಸ್ಯೆಯ ಹಿರೇರ ಹಬ್ಬಕ್ಕೆ ಕೊಂಡ್ಲಹಳ್ಳಿಯ ಆ ಮನೆಯಲ್ಲಿ ಚಿಕ್ಕವ್ವನ ಹೆಸರಿನಲ್ಲಿ ಹೊಸ ಸೀರೆಯಿಟ್ಟು, ಎಡೆಯಿಟ್ಟು, ಧೂಪ ಹಾಕಿದ ಮೇಲೆ ಮಕ್ಕಳಿಗೆ ಆ ಕತೆ ಹೇಳುತ್ತಾರೆ. ಕೊನೆಗೆ ಯಾರಾದರೂ ನನ್ನ ಕಡೆ ತಿರುಗುತ್ತಾರೆ: "ತಾತ, ನೀನೂ ಗಾಡಿಯಾಗಿದ್ದೆ ಅಲ್ವಾ?" ನಾನು "ಇದ್ದೆ" ಎನ್ನುತ್ತೇನೆ. ಅದು ಸುಳ್ಳಲ್ಲ. ಕೂದಲು ನೆರೆತದ್ದು ಆ ಸುಳ್ಳಲ್ಲದ ಮಾತನ್ನು ಹೇಳುತ್ತಲೇ.

ಎದುರಂಗಡಿಯವನು ಸೀಟು ಒತ್ತಿದ ಮಾರನೆಯ ದಿನ ಬಸ್ಸು ಹತ್ತಿ ಕೊಂಡ್ಲಹಳ್ಳಿಗೆ ಹೋದೆ. ಪಾಲಮ್ಮ ಪಡಸಾಲೆಯಲ್ಲಿ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದಳು. ಈಗ ಅವಳೂ ಹಣ್ಣು ಮುದುಕಿ.

"ಹಬ್ಬ ಇನ್ನೂ ದೂರ ಐತೆ, ಈಗ್ಲೇ ಬಂದ್ಯಲ್ಲಣ್ಣ. ಉಂಡಿಯಾ?"

"ಆಮ್ಯಾಲೆ ಉಂತೀನಿ. ಒಂದು ಮಾತೈತೆ" ಎಂದು ಶುರುಮಾಡಿದೆ. ನಿಲ್ಲಿಸಿದರೆ ಮತ್ತೆ ಹೇಳಲಾರೆನೆಂದು ಒಂದೇ ಸಮನೆ ಹೇಳಿದೆ. ಪಟ್ಟಿ, ಜಾಲಿಮರದ ತುಂಡು, ಮಸಿ, ಮುದ್ದೆಯ ತುತ್ತು, ಲಾಳದ ಸುಳ್ಳು, ಎಲ್ಲ. ಅವಳ ಕೈ ಕಡ್ಲೆಕಾಯಿ ಬಿಡಿಸುತ್ತಲೇ ಇತ್ತು, ಯಾವಾಗ ನಿಂತಿತೋ ನಾನು ನೋಡಲಿಲ್ಲ.

"ಹಂಗಾದ್ರೆ ದೊಡ್ಡವ್ವ ಬರಬೋದಿತ್ತು" ಎಂದಳು.

"ಬರಬೋದಿತ್ತು."

"ಅವ್ವ ಬದುಕಿದ್ದಾಗ್ಲೇ."

"ಹೂಂ."

ಪಾಲಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. "ನಿನಗೊಂದು ಗೊತ್ತಿಲ್ಲ. ಅವ್ವ ಕೊನೆಗೆ ಆಡಿದ ಮಾತು ಏನು ಗೊತ್ತಾ? 'ಬರೋ ಮನಸಿದ್ದೋಳು ತೆವಳಿಯಾದ್ರೂ ಬರ್ತಿದ್ಲು. ಅಕ್ಕ ನನ್ನ ಹೆಣ ನೋಡಾಕೆ ಬರ್ತಾಳೆ' ಅಂದ್ಲು. ದೊಡ್ಡವ್ವನ ಮುಂದೆ ಅದನ್ನ ಹೆಂಗೆ ಹೇಳ್ಲಿ ನಾನು? ಅಷ್ಟರಾಗೆ ದೊಡ್ಡವ್ವನೇ ಬಂದು, ತಂಗಿ ನನ್ನ ಹೊತ್ಕಂಡು ಬಂದ್ಲು ಅಂದ್ಲು. ಸತ್ತ ಮ್ಯಾಲಾದ್ರೂ ಅವ್ವನ ಸಿಟ್ಟು ಇಳೀತಲ್ಲ ಅಂದ್ಕಂಡೆ. ಆ ಒಂದು ಮಾತು ನೆಚ್ಕಂಡು ಇಷ್ಟು ವರ್ಷ ನಿದ್ದೆ ಮಾಡೀನಿ ಅಣ್ಣ."

ಸತ್ಯ ಹೇಳಿದರೆ ನನ್ನೊಬ್ಬನಿಗೆ ನಾಚಿಕೆ, ಉಳಿದವರಿಗೆ ಏನೂ ನಷ್ಟವಿಲ್ಲ ಎಂದುಕೊಂಡು ಬಂದಿದ್ದೆ.

"ಇಷ್ಟು ದಿನ ಸುಮ್ನಿದ್ದು ಈಗ್ಯಾಕೆ ಹೇಳ್ದೆ?"

"ಎದೆ ಭಾರ ಆಗಿತ್ತು ಪಾಲಮ್ಮ."

ಅವಳು ನನ್ನನ್ನೇ ನೋಡಿದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ಈಗ ಹಗುರಾತಾ?"

ಊಟಕ್ಕೆ ಏಳು ಎಂದು ಅವಳು ಅನ್ನಲಿಲ್ಲ. ನಾನು ಸಂಜೆಯ ಬಸ್ಸಿಗೆ ಬಂದುಬಿಟ್ಟೆ.

ಹಬ್ಬಕ್ಕೆ ಕರೆ ಬರುವುದಿಲ್ಲ ಎಂದುಕೊಂಡಿದ್ದೆ. ಮೊಮ್ಮಗಳ ಕೈಲಿ ಹೇಳಿಕಳಿಸಿದಳು, ಬರಬೇಕಂತೆ. ಮೊನ್ನೆ ಅಮಾವಾಸ್ಯೆಗೆ ಹೋದೆ. ಎಂದಿನಂತೆ ಸೀರೆಯಿಟ್ಟರು, ಎಡೆಯಿಟ್ಟರು, ಧೂಪ ಹಾಕಿದರು. ಮಕ್ಕಳು ಕತೆಗೆಂದು ಒತ್ತೊತ್ತಾಗಿ ಕೂತರು. ಪಾಲಮ್ಮ ಕತೆ ಶುರುಮಾಡಲಿಲ್ಲ. ಗೋಡೆ ಹಿಡಿದು ಎದ್ದು, ನನ್ನ ತೋಳು ಹಿಡಿದು ಎಡೆಯ ಮುಂದೆ ಕೂರಿಸಿದಳು.

"ಇವ್ರಿಗೆ ಹೇಳ್ಬ್ಯಾಡ. ನನಗೂ ಬ್ಯಾಡ. ಅಲ್ಲಿ ಅವ್ವಗೆ ಹೇಳು. ಅಕ್ಕ ಯಾಕೆ ಬರ್ಲಿಲ್ಲ ಅಂತ ಅವಳಿಗೆ ಗೊತ್ತಿಲ್ಲ."

ಮಂಡಿಯೂರಿ ಕೂತೆ. ಸೀರೆಯ ಮೇಲೆ ಕುಂಕುಮ ಇಟ್ಟಿದ್ದರು. ಅದನ್ನೇ ನೋಡುತ್ತ ಕೈಮುಗಿದೆ. ಆಮೇಲೆ ಹೇಳಿದೆ: "ಚಿಕ್ಕವ್ವ, ಅವ್ವಗೆ ಬರೋ ಮನಸಿತ್ತು. ಗಾಡಿ ಕೆಡಿಸಿದೋನು ನಾನು."

ಏಳಲು ನೋಡಿದೆ. ಪಾಲಮ್ಮ ನನ್ನ ತೋಳು ಹಿಡಿದ ಕೈ ಬಿಡಲಿಲ್ಲ.

"ಗಟ್ಟಿಯಾಗಿ ಹೇಳು" ಎಂದಳು. "ಕಡೆಗಾಲಕ್ಕೆ ಅವ್ವಗೆ ಕಿವಿ ಮಂದ ಆಗಿದ್ವು."

ಬೀದಿಯವರೆಗೂ ಕೇಳುವಂತೆ ಇನ್ನೊಮ್ಮೆ ಹೇಳಿದೆ.